ಮಾತಿನ ಮೂಲ: ಬರಕತ್ತು

‘ಎಷ್ಟು ದುಡಿದರೂ ಕೈಯಲ್ಲಿ ಬರಕತ್ತಿಲ್ಲ’ ಎಂಬ ಮಾತು ವಿಶ್ರಾಮಬಾಗದ ನಮ್ಮ ಮನೆಗಳಲ್ಲಿ ಕೇಳಿಬರುತ್ತದೆ. ಇದು ಮರಾಠಿಯ ಶಬ್ದ, ಕನ್ನಡದಲ್ಲಿ ಬೆರಸಬಾರದು ಎಂದು ಮಕ್ಕಳನ್ನು ಗದರುವ ಪಾಲಕರೂ ಉಂಟು. ಗದರುವ ಮುನ್ನ ಈ ಶಬ್ದ ಬಂದ ದಾರಿಯನ್ನು ಅರಿಯುವುದು ಲೇಸು.

ಬರಕತ್ತಿನ ಮೂಲ ಅರಬ್ಬಿಯ ‘ಬರಕಾ’. ದೇವರ ಅನುಗ್ರಹ, ಅದರಿಂದುಂಟಾಗುವ ಸಮೃದ್ಧಿ ಎಂದು ಅದರ ಅರ್ಥ. ಹಬ್ಬದ ದಿನ ನಾವು ಕೇಳುವ ‘ಮುಬಾರಕ್’ ಅದೇ ಧಾತುವಿನದು. ಯೆಹೂದ್ಯರ ಹೀಬ್ರೂ ಭಾಷೆಯಲ್ಲಿ ಆಶೀರ್ವಾದಕ್ಕೆ ‘ಬೆರಾಖಾ’ ಎನ್ನುವರು. ಇವೆರಡೂ ಒಡಹುಟ್ಟಿದ ಶಬ್ದಗಳು. ಏಕದೇವನನ್ನು ನಂಬುವ ಈ ಮತಗಳಲ್ಲಿ ಗಳಿಕೆಯೆಂಬುದು ಕೇವಲ ಲೆಕ್ಕದ ಮಾತಲ್ಲ, ಕೊಟ್ಟವನೊಬ್ಬನಿದ್ದಾನೆ. ಧಾನ್ಯ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದ ನಮ್ಮ ಹಿರಿಯರಿಗೆ ಈ ಭಾವ ಹೊಸದಲ್ಲ.

ಈ ಶಬ್ದವು ಒಮ್ಮೆ ನಮ್ಮ ಕರಾವಳಿಯ ಹೆಣ್ಣುಮಗಳೊಬ್ಬಳ ಹೆಸರೇ ಆಯಿತು. ಟ್ಯುನೀಸಿಯಾದ ಮಹದಿಯಾದಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಏಡನ್ ಮಾರ್ಗವಾಗಿ ಮಂಗಳೂರಿಗೆ ಬಂದು ನೆಲೆಸಿದನು. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಹಡಗಿಗೇರಿಸುತ್ತಿದ್ದನು. ಏಡನ್ನಿನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನು ಕಳುಹಿಸಿದರೆ ಅವನ ಕಾರ್ಖಾನೆಯಲ್ಲಿ ಕರಗಿಸಿ ಹೊಸದಾಗಿ ಎರಕ ಹೊಯ್ಯಲಾಗುತ್ತಿತ್ತು. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ತುಳುನಾಡಿನ ದಾಸಿಯನ್ನು ಪತ್ರ ಬರೆದು ಬಿಡುಗಡೆಗೊಳಿಸಿದನು. ಅವಳಿಗಿತ್ತ ಹೊಸ ಹೆಸರು ಬೆರಾಖಾ. ಸ್ವಾತಂತ್ರ್ಯದೊಡನೆ ಹಳೆಯ ಹೆಸರನ್ನು ಕಳೆದುಕೊಳ್ಳುವುದು ಅವಳಿಗೆ ಹೇಗೆನಿಸಿತೋ, ಅವಳ ಕೈಬರಹವೊಂದೂ ಉಳಿದಿಲ್ಲ.

ಪತ್ರವು ಉಳಿದ ಬಗೆ ಸ್ವಾರಸ್ಯಕರವಾಗಿದೆ. ದೇವರ ನಾಮವಿರುವ ಕಾಗದವನ್ನು ಯೆಹೂದ್ಯರು ಹರಿದು ಎಸೆಯಲಾರರು. ಪ್ರಾರ್ಥನಾಮಂದಿರದ ‘ಗೆನಿಜಾ’ ಎಂಬ ಕೋಣೆಯಲ್ಲಿ ಕೂಡಿಡುವರು. ಕಾಲಿಗೆ ಕಾಗದ ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ತಕರ ಓಲೆಗಳಲ್ಲಿಯೂ ದೇವರ ಹೆಸರು ಇರುತ್ತಿತ್ತು. ಅಂತೆಯೇ ಕೈರೋದ ಗೆನಿಜಾದಲ್ಲಿ ಧರ್ಮಗ್ರಂಥಗಳ ಜೊತೆಗೆ ಮೆಣಸಿನ ಲೆಕ್ಕವೂ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿಯಿತು. 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಲಕ್ಷಕ್ಕೂ ಮಿಕ್ಕ ಚೂರುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು.

ಬೆನ್ ಯಿಜು 1149ರವರೆಗೆ ನಮ್ಮ ಕರಾವಳಿಯಲ್ಲಿದ್ದನು. ಅದೇ ಅವಧಿಯಲ್ಲಿ, 1143ರ ಸುಮಾರಿಗೆ, ನಮ್ಮ ನೆರೆಯ ಮಿರಜದಲ್ಲಿ ವೀರಬಣಂಜರನ್ನು ಹೆಸರಿಸುವ ಕನ್ನಡ ಶಾಸನ ಕೆತ್ತಲ್ಪಟ್ಟಿತು. ಅಯ್ಯಾವೊಳೆ ಐನೂರ್ವರೆಂದು ಹೆಸರಾದ ಆ ವರ್ತಕರು ತಮ್ಮ ವ್ಯಾಪಾರದ ಕಟ್ಟಳೆಯನ್ನು ‘ಬಣಂಜುಧರ್ಮ’ವೆಂದೇ ಕರೆದರು. ಸಮುದ್ರದ ಆಚೆಯವರಂತೆ ಇವರಿಗೂ ಪೇಟೆ ಬೇರೆ, ಧರ್ಮ ಬೇರೆ ಎನಿಸಿರಲಿಲ್ಲ.

ಇನ್ನೊಂದು ಸಂಗತಿ. ಬೆನ್ ಯಿಜು ಬರೆದ ಭಾಷೆ ಬಹುಮಟ್ಟಿಗೆ ಅರಬ್ಬಿ, ಲಿಪಿ ಹೀಬ್ರೂ. ದೂರದೇಶದಲ್ಲಿಯೂ ಅವನು ತನ್ನವರ ಅಕ್ಷರವನ್ನು ಬಿಡಲಿಲ್ಲ. ನಮ್ಮ ಮಕ್ಕಳು ಅಜ್ಜಿಗೆ ಕನ್ನಡದ ಮಾತನ್ನು ದೇವನಾಗರಿಯಲ್ಲಿ ಬರೆಯುವುದನ್ನು ಕಾಣುವಾಗ, ಹೊರಗಿನ ಶಬ್ದ ಒಳಬಂದುದಕ್ಕಿಂತ ಮನೆಯ ಅಕ್ಷರ ಹೊರಹೋಗುತ್ತಿರುವುದೇ ನನಗೆ ಚಿಂತೆಯ ವಿಷಯವಾಗಿ ತೋರುತ್ತದೆ. ಬರಕತ್ತು ಇರಲಿ, ಅದನ್ನು ಕನ್ನಡದಲ್ಲಿ ಬರೆಯಲು ಕಲಿಸೋಣ.