ಕೊಟ್ಟೂರಿನ ದಾರಿಗೆ ಎಷ್ಟು ಬಟ್ಟೆ ಬೇಕು?

ಮಾಘ ಮಾಸದಲ್ಲಿ ಕೊಟ್ಟೂರಿನ ಗುರುಬಸವೇಶ್ವರಸ್ವಾಮಿಯ ರಥೋತ್ಸವಕ್ಕೆ ದಾವಣಗೆರೆ, ಹರಪನಹಳ್ಳಿ ಕಡೆಗಳಿಂದ ಸಾವಿರಾರು ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ. ಕೆಲವರ ಹೆಗಲ ಮೇಲಿನ ಚೀಲಗಳನ್ನು ಕಂಡರೆ ಇವರು ಜಾತ್ರೆಗೆ ಹೊರಟವರೋ ಮನೆ ಬದಲಿಸುತ್ತಿರುವವರೋ ಎಂಬ ಸಂದೇಹ ಮೂಡುತ್ತದೆ.

ನಮ್ಮ ಹಿರಿಯರು ಕೊಟ್ಟೂರಿಗಾಗಲಿ, ಹಡಗಲಿ ಸೀಮೆಯ ಮೈಲಾರಕ್ಕಾಗಲಿ ಹೊರಟಾಗ ಉಟ್ಟ ಧೋತರ, ಹೆಗಲಿಗೊಂದು ಟವೆಲ್ಲು, ಒಂದು ಕಂಬಳಿ ಇದ್ದರೆ ಸಾಕಿತ್ತು. ಟವೆಲ್ಲು ಬಿಸಿಲಿಗೆ ರುಮಾಲು, ಮಿಂದಾಗ ಮೈಯೊರೆಸುವ ವಸ್ತ್ರ, ಬುತ್ತಿ ಕಟ್ಟಲು ಗಂಟು. ಕಂಬಳಿ ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಕೊಪ್ಪೆ ಹಾಕಿದರೆ ಮಳೆಗೆ ಕೊಡೆ. ಇದನ್ನು ಬಡತನವೆಂದಷ್ಟೇ ತಿಳಿಯಬಾರದು. ಅದರಲ್ಲಿ ಒಂದು ವಿವೇಕವಿತ್ತು. ಮೂರು ಕೆಲಸಕ್ಕೆ ಬಾರದ ವಸ್ತುವನ್ನು ಅವರು ಹೊರುತ್ತಿರಲಿಲ್ಲ.

ಆ ವಿವೇಕ ಇಂದಿಗೂ ಸಲ್ಲುತ್ತದೆ. ಮಾಘದ ಹಗಲು ಬಿಸಿಲು, ರಾತ್ರಿ ಚಳಿ. ಉಟ್ಟದ್ದಲ್ಲದೆ ಇನ್ನೊಂದೇ ಜೊತೆ ತೆಳು ಹತ್ತಿಬಟ್ಟೆ ಇರಲಿ. ಸಂಜೆ ಒಗೆದು ಹರವಿದರೆ ಬೆಳಿಗ್ಗೆ ಉಡಬಹುದು. ಜೀನ್ಸ್ ಬೇಡ; ಬೆವರಿದಾಗ ತೊಡೆ ಉಜ್ಜುತ್ತದೆ, ಒಗೆದರೆ ಬೇಗ ಒಣಗದು. ಹೆಣ್ಣುಮಕ್ಕಳಿಗೆ ಅಗಲವಾದ ಹತ್ತಿಯ ದುಪಟ್ಟಾ ಟವೆಲ್ಲಿನ ಕೆಲಸವನ್ನೆಲ್ಲ ಮಾಡುತ್ತದೆ. ಚಪ್ಪಲಿ ಹಳೆಯದಿರಲಿ. ದಾರಿಯುದ್ದಕ್ಕೂ ಭಕ್ತರು ಪ್ರಸಾದ, ನೀರು ನೀಡುವುದರಿಂದ ತಿಂಡಿಯ ಹೊರೆಯೂ ಬೇಡ. ನಿತ್ಯದ ಔಷಧಿ ಮಾತ್ರ ಮರೆಯಬಾರದು.

ಹೆಚ್ಚಿನ ಹೊರೆ ಹೊತ್ತವನೊಬ್ಬನಿಗೇ ಸೇರಿದ್ದಲ್ಲ. ಅವನು ಸೋತಾಗ ಅದು ಜೊತೆಗಿರುವ ತಾಯಿಯ ಹೆಗಲನ್ನೋ ತಂಗಿಯ ಹೆಗಲನ್ನೋ ಏರುತ್ತದೆ. ಕೈ ಬರಿದಾಗಿದ್ದವನು ಎಡವಿದ ಅಜ್ಜಿಯನ್ನು ಹಿಡಿದು ನಡೆಸಬಲ್ಲ. ಪಾದಯಾತ್ರೆಯಲ್ಲಿ ಅದಕ್ಕಿಂತ ಮಿಗಿಲಾದ ಸೇವೆ ಇಲ್ಲವೆಂದು ನನ್ನ ಭಾವನೆ.