ಬೆಟ್ಟದ ನೀರು, ಬಿಸಿಲಿನ ನೀರು

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ನಮ್ಮ ಕಲಬುರಗಿ ಸೀಮೆಗೆ ದಕ್ಕುವುದು 700–800ರ ಆಸುಪಾಸು. ಅದರ ಕಾರಣವನ್ನು ನನ್ನ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ಅರಬ್ಬೀ ಸಮುದ್ರದ ತೇವಗಾಳಿ ಸಹ್ಯಾದ್ರಿಯನ್ನೇರುವಾಗಲೇ ತನ್ನ ಹೊರೆಯನ್ನು ಇಳಿಸಿಬಿಡುತ್ತದೆ. ಸುಮಾರು 300 ಕಿ.ಮೀ. ಪೂರ್ವಕ್ಕಿರುವ ನಾವು ಮಳೆಯ ನೆರಳಿನಲ್ಲಿ ಉಳಿಯುತ್ತೇವೆ. ಪಾಠ ಸರಿಯಾದದ್ದೇ, ಆದರೆ ಅರ್ಧ ಪಾಠವೆಂಬುದು ನನ್ನ ಅಭಿಪ್ರಾಯ. ಮಳೆ ಏಕೆ ಕಡಿಮೆಯೆಂದು ಅದು ತಿಳಿಸುತ್ತದೆ. ಬರುವ ಮಳೆ ಯಾವ ಹೊತ್ತಿಗೆ, ಹೇಗೆ ಬರುತ್ತದೆಂದು ತಿಳಿಸುವುದಿಲ್ಲ.

ಜಾವಾ, ಸುಮಾತ್ರಾ ದ್ವೀಪಗಳಲ್ಲಿ ಬೆಟ್ಟವೂ ಬಿಸಿಲೂ ಜೊತೆಯಾಗಿ ದುಡಿಯುತ್ತವೆ. ಹಗಲು ನೆಲ ಕಾದು ಸಮುದ್ರದ ಗಾಳಿಯನ್ನು ಒಳಗೆಳೆಯುತ್ತದೆ. ಆ ಗಾಳಿ ಇಳಿಜಾರನ್ನೇರಿ ಮಧ್ಯಾಹ್ನದ ನಂತರ ಮಳೆಯಾಗುತ್ತದೆ. ಇರುಳು ನೆಲ ತಣಿದಾಗ ಗಾಳಿ ತಿರುಗಿ, ಮಳೆಯೂ ಕಡಲಿನತ್ತ ಸರಿಯುತ್ತದೆ.

ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಬೆಟ್ಟ ದೂರ. ಬಿಸಿಲು ಮಾತ್ರ ಧಾರಾಳ. ಬೇಸಿಗೆಯ ಕೊನೆಯಲ್ಲಿ ಕರಿನೆಲ ಕಾದು, ಅದರ ಮೇಲಿನ ಗಾಳಿ ಮೇಲೇರಿ, ಇಳಿಹೊತ್ತಿಗೆ ಗುಡುಗುಸಹಿತ ಮಳೆಯಾಗುತ್ತದೆ. ಪಠ್ಯದಲ್ಲಿ ಇದನ್ನೇ ಪರಿಸರಣ ಮಳೆ ಎಂದಿರುವುದು. ನಮ್ಮಲ್ಲಿ ಹೆಚ್ಚು ಮಳೆಯಾಗುವ ಸೆಪ್ಟೆಂಬರಿನಲ್ಲಿಯೂ ಸಂಜೆಯ ಗುಡುಗು ಅಪರೂಪವಲ್ಲ.

ಬೆಟ್ಟ ನಮ್ಮನ್ನು ಪೂರ್ಣವಾಗಿ ಮರೆತಿಲ್ಲ. ಭೀಮಾಶಂಕರದಲ್ಲಿ ಹುಟ್ಟಿದ ಭೀಮೆ ಸಹ್ಯಾದ್ರಿಯ ಮಳೆಯನ್ನು ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ತಂದು ಒಪ್ಪಿಸುತ್ತಾಳೆ. ಆಳಂದದ ಅಮರ್ಜೆಗೆ ಆ ಭಾಗ್ಯವಿಲ್ಲ. ಈ ಬಯಲಿನ ಮಳೆಯೇ ಅವಳ ಬಂಡವಾಳ. ಗಾಣಗಾಪುರದ ಸಂಗಮದಲ್ಲಿ ಮಿಂದವರು ಎರಡು ಬಗೆಯ ಮಳೆಯಲ್ಲಿ ಮಿಂದಂತೆಯೇ ಸರಿ.

ಇದು ಬರಿಯ ಭೂಗೋಳದ ಕುತೂಹಲವಲ್ಲ. ಇಳಿಹೊತ್ತಿನ ಮಳೆಯೊಡನೆ ಸಿಡಿಲೂ ಬರುತ್ತದೆ. ಆ ಹೊತ್ತಿಗೆ ಹೊಲದಲ್ಲಿರುವವರು ತೊಗರಿಯ ಕಳೆ ತೆಗೆಯುವ ಹೆಣ್ಣುಮಕ್ಕಳು, ಕುರಿ ಕಾಯುವ ಹುಡುಗರು. ಬಯಲಿನಲ್ಲಿ ಕಾಣುವ ಆಸರೆಯೆಂದರೆ ಒಂಟಿ ಬೇವಿನಮರ. ಸಿಡಿಲಿಗೂ ಅದೇ ಮೊದಲು ಸಿಗುವುದು.

ಆದುದರಿಂದ ನನ್ನ ಸಲಹೆ ಇಷ್ಟೇ. ಹವಾಮಾನ ಇಲಾಖೆಯ ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ಓದುತ್ತಾರೆ, ಇಡೀ ದಿನಕ್ಕೆ ಒಂದೇ ಅಂಕಿ. ಈ ಮೂರು ತಾಲ್ಲೂಕುಗಳ ಪ್ರತಿ ಶಾಲೆಯಲ್ಲಿಯೂ ಮಕ್ಕಳು ಮಳೆಯ ಪುಸ್ತಕವೊಂದನ್ನಿಟ್ಟು, ಮೊದಲ ಗುಡುಗು ಕೇಳಿದ ಹೊತ್ತು, ಹನಿ ಬಿದ್ದ ಹೊತ್ತು, ನಿಂತ ಹೊತ್ತುಗಳನ್ನು ಬರೆಯಲಿ. ಎರಡು ವರ್ಷಗಳಲ್ಲಿ ತಮ್ಮೂರಿನ ಮಳೆಯ ಗಡಿಯಾರ ಅವರಿಗೆ ತಿಳಿಯುತ್ತದೆ. ಗುಡುಗು ಕೇಳಿಸಿದರೆ ಸಿಡಿಲು ತಲುಪುವ ದೂರದಲ್ಲಿಯೇ ಇದ್ದೇವೆ, ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಪಕ್ಕಾ ಕಟ್ಟಡದೊಳಗೇ ಇರಬೇಕು ಎಂಬುದನ್ನು ಮನೆಯಲ್ಲಿ ಹೇಳುವವರೂ ಅವರೇ ಆಗುತ್ತಾರೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಶಿಕ್ಷಕರು. ಈ ಪುಸ್ತಕಕ್ಕೆ ಬೇಕಾದುದು ಒಂದು ನೋಟುಬುಕ್ಕು, ಒಂದು ಗಡಿಯಾರ. ಬರುವ ಜೂನಿನಲ್ಲಿಯೇ ನೀವು ಆರಂಭಿಸಬಹುದು.