ಪೆಲೆಟ್ ಚೀಲದ ಮೇಲಿನ ಹೆಸರು, ಚೀಲದೊಳಗಿನ ಹೊಟ್ಟು



ಚಳಿಗಾಲದ ಬ್ಯಾಚಿಗೆ ಮರಿ ಬಿಡುವ ಕಾಲ ಹತ್ತಿರವಾದಂತೆ ಪಲ್ಲಡಂ, ಪೊಂಗಲೂರು, ಉಡುಮಲೈ ಕಡೆಯ ಸದಸ್ಯರು ಒಂದೇ ಪ್ರಶ್ನೆ ಕೇಳುತ್ತಾರೆ: ಯಾವ ಕಂಪನಿಯ ಪೆಲೆಟ್ ತರಿಸಲಿ? ಊಟಿ, ಕೋಟಗಿರಿ ಕಡೆಯವರ ಪ್ರಶ್ನೆಯೂ ಅದೇ. ಅವರಿಗೆ ಬೇಕಿರುವುದು ಮನೆ ಬೆಚ್ಚಗಿಡುವ ಒಲೆಗೆ, ಇವರಿಗೆ ಬೇಕಿರುವುದು ಕೋಳಿಮರಿ ಬೆಚ್ಚಗಿಡುವ ಒಲೆಗೆ. ವ್ಯತ್ಯಾಸ ಅಷ್ಟೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಕಡೆ ಸಿಗುವ ಪೆಲೆಟ್‌ನಲ್ಲಿ ಹೆಸರು ನೋಡಿ ಕೊಳ್ಳುವುದರಿಂದ ಲಾಭವಿಲ್ಲ. ಒಂದೇ ಗಿರಣಿಯ ಒಂದೇ ಹೆಸರಿನ ಚೀಲದಲ್ಲಿ ಈ ತಿಂಗಳು ಮರದ ಪುಡಿ ಹೆಚ್ಚಿರಬಹುದು, ಮುಂದಿನ ತಿಂಗಳು ಭತ್ತದ ಹೊಟ್ಟು ಹೆಚ್ಚಿರಬಹುದು. ಯಾವುದು ಅಗ್ಗಕ್ಕೆ ಸಿಕ್ಕಿತೋ ಅದೇ ಬೆರಕೆ. ಆದ್ದರಿಂದ ಕೇಳಬೇಕಾದದ್ದು ಎರಡು: ಒಳಗೆ ಏನಿದೆ, ಉರಿದ ಮೇಲೆ ಬೂದಿ ಎಷ್ಟು ಉಳಿಯುತ್ತದೆ.

ಪೆಲೆಟ್ ಗೊತ್ತಿಲ್ಲದವರಿಗೆ ಒಂದು ಮಾತು. ಮರದ ಪುಡಿ, ಕಡಲೆಕಾಯಿ ಸಿಪ್ಪೆ, ಹೊಟ್ಟು ಮುಂತಾದವನ್ನು ಒಣಗಿಸಿ, ನುಣ್ಣಗೆ ಪುಡಿ ಮಾಡಿ, ತೂತಿರುವ ಅಚ್ಚಿನಲ್ಲಿ ಬಿಸಿಯಾಗಿ ಒತ್ತಿದರೆ ಸೀಮೆಸುಣ್ಣದ ತುಂಡಿನಂಥ ಗುಳಿಗೆಗಳು ಬರುತ್ತವೆ. ಸಾಮಾನ್ಯವಾಗಿ ಅಂಟು ಬೇಕಿಲ್ಲ. ಶಾಖಕ್ಕೆ ಮರದೊಳಗಿನ ಲಿಗ್ನಿನ್ನೇ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ಸೌದೆಗಿಂತ ತೇವ ಕಡಿಮೆ, ಅಳತೆ ಒಂದೇ ಸಮ, ಆದ್ದರಿಂದ ಉರಿಯೂ ಒಂದೇ ಸಮ.

ಯೂರೋಪಿನಲ್ಲಿ ಮನೆಯ ಒಲೆಗೆಂದೇ ಈ ವ್ಯಾಪಾರ ಬೆಳೆದದ್ದರಿಂದ ಅಲ್ಲಿ 'ಇಎನ್‌ಪ್ಲಸ್' ಎಂಬ ದರ್ಜೆಮುದ್ರೆ ಇದೆ. ಅದರ ಎ1 ದರ್ಜೆಗೆ ಬೂದಿ ಶೇ. 0.7ಕ್ಕಿಂತ ಹೆಚ್ಚಿರಬಾರದು, ತೇವ ಶೇ. 10 ಮೀರಬಾರದು, ಒಂದು ಕಿಲೋದಿಂದ ಕನಿಷ್ಠ 4.6 ಯೂನಿಟ್‌ನಷ್ಟು ಶಾಖ ಬರಬೇಕು. ನಮ್ಮ ಲೆಕ್ಕದಲ್ಲಿ ಅದು ಸುಮಾರು 3,950 ಕಿಲೋಕ್ಯಾಲರಿ. ಎ2 ದರ್ಜೆಗೆ ಬೂದಿಯ ಮಿತಿ ಶೇ. 1.2, ಬಿ ದರ್ಜೆಗೆ ಶೇ. 2. ಜರ್ಮನಿಯಲ್ಲಿರುವ ನಮ್ಮ ಕುಟುಂಬಗಳು ಚೀಲದ ಮೇಲಿನ ಈ ಮುದ್ರೆಯನ್ನಷ್ಟೇ ನೋಡಿ ಕೊಳ್ಳಬಹುದು. ಪಲ್ಲಡಂನಲ್ಲಿ ಆ ಸೌಕರ್ಯವಿಲ್ಲ. ಇಲ್ಲಿನ ಪೆಲೆಟ್ ಮುಖ್ಯವಾಗಿ ಕಾರ್ಖಾನೆಯ ಬಾಯ್ಲರಿಗೆಂದು ತಯಾರಾಗುವುದು, ಮನೆಗೆ ಬರುವುದು ಅದರ ಚಿಲ್ಲರೆ.

ಈಗ ಬೆರಕೆಯ ವಿಷಯ. ತೊಗಟೆ ಕಡಿಮೆ ಇರುವ ಮರದ ಪುಡಿಯಲ್ಲಿ ಬೂದಿ ಶೇ. 1ರ ಆಸುಪಾಸು, ಶಾಖ ಕಿಲೋಗೆ ಸುಮಾರು 4,000 ಕಿಲೋಕ್ಯಾಲರಿ. ಕಡಲೆಕಾಯಿ ಸಿಪ್ಪೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಶಾಖ, ಆದರೆ ಬೂದಿ ಶೇ. 3ರಿಂದ 6, ಮಣ್ಣು ಸೇರಿದ್ದರೆ ಇನ್ನೂ ಹೆಚ್ಚು. ಭತ್ತದ ಹೊಟ್ಟಿನಲ್ಲಿ ಬೂದಿ ಶೇ. 17ರಿಂದ 20, ಶಾಖ 3,200ರ ಒಳಗೆ. ತೆಂಗಿನ ನಾರಿನ ಪುಡಿ ನಮ್ಮ ಸೀಮೆಯಲ್ಲಿ ಧಾರಾಳ, ಆದರೆ ಅದರಲ್ಲಿ ಪೊಟ್ಯಾಸಿಯಂ ಮತ್ತು ಉಪ್ಪಿನಂಶ ಹೆಚ್ಚು.

ಇಲ್ಲೊಂದು ಸೂಕ್ಷ್ಮವಿದೆ. ಭತ್ತದ ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ. ಅದು ತಾನೊಂದೇ ಇದ್ದರೆ ಸುಲಭಕ್ಕೆ ಕರಗುವುದಿಲ್ಲ, ರಾಶಿ ಬೀಳುತ್ತದೆ ಅಷ್ಟೇ. ಅದಕ್ಕೆ ಪೊಟ್ಯಾಸಿಯಂ ಹೆಚ್ಚಿರುವ ನಾರಿನ ಪುಡಿಯನ್ನೋ ಹುಲ್ಲನ್ನೋ ಬೆರೆಸಿದಾಗ ಎರಡೂ ಕೂಡಿ ಕಡಿಮೆ ಶಾಖದಲ್ಲೇ ಗಾಜಿನಂತೆ ಕರಗಿ, ತಣ್ಣಗಾದಾಗ ಕಿಟ್ಟವಾಗಿ ಒಲೆಯ ತಳಕ್ಕೆ ಅಂಟುತ್ತದೆ. ಗಾಳಿಯ ತೂತು ಮುಚ್ಚುತ್ತದೆ, ಉರಿ ಕುಗ್ಗುತ್ತದೆ, ಹೊಗೆ ಏಳುತ್ತದೆ. 'ಒಲೆ ಕೆಟ್ಟಿದೆ' ಎಂದು ಮೆಕ್ಯಾನಿಕ್‌ನನ್ನು ಕರೆಸುವ ಮುಂಚೆ ಒಲೆಯ ತಳವನ್ನೊಮ್ಮೆ ಕೆರೆದು ನೋಡಿ. ದೊಡ್ಡ ಬಾಯ್ಲರ್‌ಗಳಲ್ಲಿ ಬೂದಿ ತಳ್ಳುವ ಏರ್ಪಾಡು ಇರುತ್ತದೆ. ಮನೆಯ ಒಲೆಗೂ ಮರಿಶೆಡ್ಡಿನ ಒಲೆಗೂ ಅದಿಲ್ಲ. ಬಾಯ್ಲರ್‌ಗೆ ಒಪ್ಪುವ ಬೆರಕೆ ನಮಗೆ ಒಪ್ಪದಿರುವುದಕ್ಕೆ ಕಾರಣ ಇದು.

ಒಂದು ಲೆಕ್ಕ ಹಾಕೋಣ. ಬ್ರಾಯ್ಲರ್ ಮರಿಗಳಿಗೆ ಮೊದಲ ವಾರ 32ರಿಂದ 34 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಹೋಗಬೇಕು. ಬಲ್ಬಿನ ಕಾಲದಿಂದ ಬಂದ ರೂಢಿಯಂತೆ ಮರಿಗೆ ಒಂದರಿಂದ ಎರಡು ವ್ಯಾಟ್. 5,000 ಮರಿಗೆ ಕಡಿಮೆಯೆಂದರೂ 5 ಕಿಲೋವ್ಯಾಟ್, ದಿನಕ್ಕೆ 120 ಯೂನಿಟ್. ಒಲೆಗೆ ಹಾಕಿದ ಶಾಖದಲ್ಲಿ ಶೇ. 70 ಶೆಡ್ಡಿಗೆ ಸಿಗುತ್ತದೆ ಎಂದು ಹಿಡಿದರೆ, ಮರದ ಪುಡಿಯ ಪೆಲೆಟ್ ದಿನಕ್ಕೆ 37 ಕಿಲೋ ಸಾಕು. ಬೂದಿ ಒಂದು ಹಿಡಿ, 400 ಗ್ರಾಂ ಒಳಗೆ. ಮರದ ಪುಡಿ ಅರ್ಧ, ಹೊಟ್ಟು ಅರ್ಧ ಇದ್ದರೆ 41 ಕಿಲೋ ಬೇಕು, ಬೂದಿ 3.7 ಕಿಲೋ. ಬರೀ ಹೊಟ್ಟಾದರೆ 46 ಕಿಲೋ, ಬೂದಿ 8 ಕಿಲೋದಷ್ಟು. ಅದನ್ನು ರಾತ್ರಿ ಎರಡು ಗಂಟೆಗೆ ಎದ್ದು ಯಾರಾದರೂ ತೆಗೆಯಬೇಕು. ಸಾಮಾನ್ಯವಾಗಿ ಆ ಕೆಲಸ ಮನೆಯ ಹೆಂಗಸರ ಪಾಲಿಗೆ ಬರುತ್ತದೆ, ಯಾವ ಲೆಕ್ಕದ ಪುಸ್ತಕದಲ್ಲೂ ಅದರ ಕೂಲಿ ಇರುವುದಿಲ್ಲ.

ಬೆಲೆಯನ್ನೂ ಕಿಲೋ ಲೆಕ್ಕದಲ್ಲಿ ನೋಡಬೇಡಿ, ಸಾವಿರ ಕಿಲೋಕ್ಯಾಲರಿಯ ಲೆಕ್ಕದಲ್ಲಿ ನೋಡಿ. ಉದಾಹರಣೆಗೆ 4,000 ಕಿಲೋಕ್ಯಾಲರಿಯ ಪೆಲೆಟ್ ಕಿಲೋಗೆ 10 ರೂಪಾಯಿ ಎಂದರೆ ಸಾವಿರಕ್ಕೆ 2.50 ಆಯಿತು. 3,200ರದ್ದು 8.50ಕ್ಕೆ ಸಿಕ್ಕರೆ ಅಗ್ಗವೆಂದು ಕಾಣುತ್ತದೆ, ಸಾವಿರಕ್ಕೆ 2.66 ಬೀಳುತ್ತದೆ. ಮಾರುವವರು ಹೇಳುವ ಅಂಕಿ ಬಹಳ ಸಲ ಪೂರ್ತಿ ಒಣಗಿಸಿದ ಮಾದರಿಯದ್ದು. ತಂದ ಸ್ಥಿತಿಯಲ್ಲಿ, ತೇವವೂ ಸೇರಿ ಎಷ್ಟು ಎಂದು ಕೇಳಿ.

ಈ ಹತ್ತಿಪ್ಪತ್ತು ಪೈಸೆ ಯಾಕೆ ಮುಖ್ಯ ಎಂದು ಬೇರೆ ಊರಿನ ಸದಸ್ಯರು ಕೇಳಬಹುದು. ಪಲ್ಲಡಂ ದೇಶದ ದೊಡ್ಡ ಬ್ರಾಯ್ಲರ್ ಕೇಂದ್ರಗಳಲ್ಲಿ ಒಂದು. ಫಾರಂ ಬಾಗಿಲಿನ ಕೋಳಿ ಬೆಲೆ ಇಲ್ಲೇ ಪ್ರಕಟವಾಗುತ್ತದೆ. ಇಲ್ಲಿ ಹೆಚ್ಚಿನವರು ಸಾಕುವುದು ಒಪ್ಪಂದದ ಮೇಲೆ. ಮರಿ, ಮೇವು, ಔಷಧಿ ಕಂಪನಿಯದ್ದು. ಶೆಡ್, ಕೂಲಿ, ಕರೆಂಟು, ನೆಲಕ್ಕೆ ಹಾಸುವ ಹೊಟ್ಟು, ಮರಿಗೆ ಕೊಡುವ ಶಾಖ ಸಾಕುವವರದ್ದು. ಕೈಗೆ ಬರುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ಆ ಕೂಲಿ ಹೆಚ್ಚಿಸಿ ಎಂದು ರೈತರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಶಾಖದ ಖರ್ಚು ಏರಿದರೆ ಅದನ್ನು ದಾಟಿಸಲು ಅವರಿಗೆ ಮುಂದೆ ಯಾರೂ ಇಲ್ಲ. ಚಳಿಗಾಲ ಒಂದೇ ಅಲ್ಲ, ಆಡಿ ತಿಂಗಳಲ್ಲಿ ಪಾಲ್ಘಾಟ್ ಕಣಿವೆಯಿಂದ ನುಗ್ಗುವ ಗಾಳಿಗೂ ಮರಿ ಮುದುಡುತ್ತದೆ. ಆ ಗಾಳಿಯನ್ನು ನಂಬಿಯೇ ಇಲ್ಲಿ ಅಷ್ಟೊಂದು ಗಾಳಿಯಂತ್ರಗಳು ನಿಂತಿರುವುದು.

ಹೊಟ್ಟಿಗೆ ಗಿರಾಕಿಗಳು ಬೇರೆಯವರೂ ಇದ್ದಾರೆ. ಕೋಳಿಯ ಕಾಲಡಿಗೆ ಹಾಸುವುದಕ್ಕೂ ಅದೇ ಹೊಟ್ಟು, ಅದೇ ನಾರಿನ ಪುಡಿ ಬೇಕು. ಪಕ್ಕದ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳ ಬಾಯ್ಲರ್‌ಗೂ ಬೇಕು. (ಬ್ರಾಯ್ಲರ್ ಮತ್ತು ಬಾಯ್ಲರ್ ಒಂದೇ ಚೀಲಕ್ಕೆ ಕೈಹಾಕುವ ಊರು ಇದೊಂದೇ ಇರಬೇಕು.) ನೊಯ್ಯಲ್ ನದಿ ಹಾಳಾದದ್ದಕ್ಕೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿದ್ದು ನೆನಪಿರಬಹುದು. ಹನಿ ನೀರೂ ಹೊರಗೆ ಬಿಡಬಾರದು ಎಂಬ ಕಟ್ಟಳೆಯ ಮೇಲೆ ಅವು ಮತ್ತೆ ತೆರೆದವು. ನದಿಗೆ ಅದು ಬೇಕಾಗಿತ್ತು, ಎರಡು ಮಾತಿಲ್ಲ. ಆದರೆ ಉಳಿಯುವ ಉಪ್ಪುನೀರನ್ನು ಆವಿ ಮಾಡಿ ಇಂಗಿಸಬೇಕು, ಆವಿಗೆ ಉರುವಲು ಬೇಕು. ನೀರಿನ ಲೆಕ್ಕ ಸರಿಹೋಗಿ ಸೌದೆಯ ಲೆಕ್ಕ ಏರಿತು.

ಇನ್ನೊಬ್ಬ ಗಿರಾಕಿ ಇನ್ನೂ ದೊಡ್ಡವನು. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನ ಜೊತೆ ಪೆಲೆಟ್ ಉರಿಸಬೇಕು ಎಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ನೀತಿ ತಂದಿತು. 2023ರ ಜೂನ್‌ನ ತಿದ್ದುಪಡಿ 2024-25ರಿಂದ ಶೇ. 5, 2025-26ರಿಂದ ಶೇ. 7 ಎಂದು ಗೊತ್ತುಮಾಡಿತು. ಪಂಜಾಬ್, ಹರಿಯಾಣದ ಗದ್ದೆಗಳಲ್ಲಿ ಹುಲ್ಲು ಸುಡುವುದನ್ನು ತಡೆಯಲು ಇದು ಒಳ್ಳೆಯ ದಾರಿ. ನಮ್ಮ ಕಡೆ ಸುಡಲು ಬಿಟ್ಟ ಹುಲ್ಲು ಅಷ್ಟಿಲ್ಲ; ಹೊಟ್ಟಿಗೂ ಸಿಪ್ಪೆಗೂ ಆಗಲೇ ಗಿರಾಕಿ ಇದ್ದಾರೆ. ದಿನಕ್ಕೆ 10,000 ಟನ್ ಕಲ್ಲಿದ್ದಲು ಉರಿಸುವ ಒಂದು ಸ್ಥಾವರಕ್ಕೆ ಶೇ. 5 ಎಂದರೆ ದಿನಕ್ಕೆ 500 ಟನ್. ದಿನಕ್ಕೆ 37 ಕಿಲೋ ಕೇಳುವ 13,500 ಮರಿಶೆಡ್ಡುಗಳಿಗೆ ಅದು ಸಮ. ವರ್ಷವಿಡೀ ಲಾರಿಗಟ್ಟಲೆ ಕೊಳ್ಳುವವನನ್ನು ಬಿಟ್ಟು, ವರ್ಷಕ್ಕೆ ಐದಾರು ಬ್ಯಾಚಿಗೆ ಹತ್ತಿಪ್ಪತ್ತು ಚೀಲ ಕೇಳುವ ನಮಗೆ ಯಾವ ಗಿರಣಿಯೂ ಒಳ್ಳೆಯ ಮಾಲು ಎತ್ತಿಡುವುದಿಲ್ಲ.

ಇದು ಊಹೆಯಲ್ಲ, ಕನ್ನಡ ನಾಡೇ ಒಮ್ಮೆ ನೋಡಿದ ಕಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ರೂಪಿಸಿದ ತಂತ್ರದ ಮೇಲೆ 'ಊರ್ಜಾ' ಎಂಬ ಪೆಲೆಟ್ ಒಲೆ 2006ರ ಸುಮಾರಿಗೆ ಮಾರುಕಟ್ಟೆಗೆ ಬಂತು. ಮೊದಲು ತಂದದ್ದು ಬಿಪಿ ಕಂಪನಿ. 2009ರಲ್ಲಿ ಪುಣೆಯ ಫಸ್ಟ್ ಎನರ್ಜಿ ವಹಿಸಿಕೊಂಡಿತು. ಬ್ಯಾಟರಿಯಿಂದ ತಿರುಗುವ ಸಣ್ಣ ಫ್ಯಾನ್, ಹೊಗೆಯಿಲ್ಲದ ಉರಿ. ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದಲ್ಲಿ ಸುಮಾರು 4 ಲಕ್ಷ ಒಲೆಗಳು ಮನೆ ಸೇರಿದವು. ಒಲೆ ಸೋಲಲಿಲ್ಲ. ಸೋತದ್ದು ಪೆಲೆಟ್. ಕೃಷಿ ತ್ಯಾಜ್ಯದ ಬೆಲೆ ಏರಿತು, ಪೆಲೆಟ್ ಬೆಲೆ ಅದರ ಹಿಂದೆ ಏರಿತು, ಮನೆಯವರು ಕೈಬಿಟ್ಟರು; ಕಂಪನಿ ಹೋಟೆಲು ಮತ್ತು ದೊಡ್ಡ ಅಡುಗೆಮನೆಗಳ ಕಡೆ ತಿರುಗಿತು. ಬೇರೆ ಇಂಧನ ಹಾಕಿದರೆ ಅಷ್ಟು ಚೆನ್ನಾಗಿ ಉರಿಯದ ಒಲೆಗಳು ಅಟ್ಟ ಸೇರಿದವು.

ಹೊರದೇಶದಲ್ಲೂ ಸಣ್ಣ ಗಿರಾಕಿಯ ಪಾಡು ಬೇರೆಯಲ್ಲ. ಉಕ್ರೇನ್ ಯುದ್ಧದ ಬಳಿಕ 2022ರಲ್ಲಿ ಯೂರೋಪು ರಷ್ಯಾದ ಪೆಲೆಟ್ ತರಿಸುವುದನ್ನು ನಿಲ್ಲಿಸಿದಾಗ ಜರ್ಮನಿಯಲ್ಲಿ ಟನ್ನಿನ ಬೆಲೆ ಆ ಬೇಸಿಗೆಯ ಕೊನೆಗೆ 700 ಯೂರೋ ದಾಟಿತು. ಹಿಂದಿನ ವರ್ಷ ಅದರ ಅರ್ಧವೂ ಇರಲಿಲ್ಲ. ದರ್ಜೆಮುದ್ರೆ ಗುಣವನ್ನು ಕಾದಿತು, ಬೆಲೆಯನ್ನು ಕಾಯಲಿಲ್ಲ.

ಆದ್ದರಿಂದ ಹೊಸದಾಗಿ ಒಲೆ ಕೊಳ್ಳುವವರಿಗೆ ನಮ್ಮ ಅಭಿಪ್ರಾಯ ಇಷ್ಟು: ಪೆಲೆಟ್ ಬಿಟ್ಟರೆ ಬೇರೇನೂ ಉರಿಯದ ಒಲೆ ಬೇಡ. ಸೌದೆ ಚೂರು, ತೆಂಗಿನ ಚಿಪ್ಪು ಕೂಡ ಹಾಕಬಹುದಾದದ್ದನ್ನು ನೋಡಿ, ಅದರ ಶಾಖ ಸ್ವಲ್ಪ ಕಡಿಮೆಯಾದರೂ ಸರಿ. ಚಿಪ್ಪಿನಲ್ಲಿ ಬೂದಿ ಶೇ. 1ಕ್ಕಿಂತ ಕಡಿಮೆ, ಪಲ್ಲಡಂನಿಂದ ಕಾಂಗೇಯಂವರೆಗೆ ಸಿಗುತ್ತದೆ. ಇದ್ದಿಲು ಮಾಡುವವರು ಅದಕ್ಕೂ ಬೆಲೆ ಏರಿಸಿದ್ದಾರೆ ಎಂಬುದು ನಿಜ, ಆದರೂ ಆಯ್ಕೆ ಕೈಯಲ್ಲಿರಲಿ.

ಚೀಲ ಬಂದಾಗ ಮನೆಯಲ್ಲೇ ಪರೀಕ್ಷೆ ಮಾಡಬಹುದು. ನಾಲ್ಕು ಗುಳಿಗೆ ನೀರಿಗೆ ಹಾಕಿ: ಚೆನ್ನಾಗಿ ಒತ್ತಿದ್ದು ಮುಳುಗುತ್ತದೆ, ತೇಲಿದರೆ ಸಡಿಲ. ಒಂದು ಕಿಲೋ ಪೂರ್ತಿ ಉರಿಸಿ ಬೂದಿ ತೂಗಿ: 10 ಗ್ರಾಂ ಆಸುಪಾಸು ಇದ್ದರೆ ಮರ, 50 ದಾಟಿದರೆ ಸಿಪ್ಪೆ, 100 ಬಂದರೆ ಹೊಟ್ಟು ಸೇರಿದೆ ಎಂದು ತಿಳಿಯಿರಿ. ಉರಿಯುವಾಗ ಕಣ್ಣು ಉರಿಸುವ ಘಾಟು ಬಂದರೆ ಪ್ಲೈವುಡ್ ಪುಡಿ ಸೇರಿರಬಹುದು. ಅದರ ಅಂಟು ಮನೆಯೊಳಗೂ ಶೆಡ್ಡಿನೊಳಗೂ ಉರಿಯಬಾರದು, ಚೀಲ ವಾಪಸು ಮಾಡಿ. ಮಳೆ ತಾಗಿದ ಪೆಲೆಟ್ ಉಬ್ಬಿ ಮತ್ತೆ ಪುಡಿಯಾಗುತ್ತದೆ. ಐಪ್ಪಸಿ, ಕಾರ್ತಿಗೈ ಮಳೆಯಲ್ಲಿ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ.

ಬೆಟ್ಟದ ಸದಸ್ಯರಿಗೆ ಒಂದು ವಿಶೇಷ ಎಚ್ಚರಿಕೆ. ಹೊಗೆ ಕಾಣದಿದ್ದರೆ ಅಪಾಯವಿಲ್ಲ ಎಂದಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಕೊಳವೆ ಇಲ್ಲದ ಒಲೆಯನ್ನೂ ಇದ್ದಿಲ ಬಾಂಡಲಿಯನ್ನೂ ಮುಚ್ಚಿದ ಮಲಗುವ ಕೋಣೆಯಲ್ಲಿ ಇಡಲೇಬೇಡಿ. ಪೆಲೆಟ್ ರಾಶಿ ಹಾಕಿದ ಮುಚ್ಚಿದ ಕೋಣೆಯಲ್ಲೂ ಈ ಅನಿಲ ಸೇರುತ್ತದೆ. ಯೂರೋಪಿನಲ್ಲಿ ಅಂಥ ದಾಸ್ತಾನು ಕೋಣೆಗೆ ಇಳಿದವರು ಸತ್ತಿದ್ದಾರೆ. ಶೆಡ್ಡಿನವರು ಚಳಿಯೆಂದು ಪರದೆಯನ್ನು ಪೂರ್ತಿ ಬಿಗಿದರೆ ಮರಿಗೆ ಉಸಿರಿನ ಗಾಳಿ ಸಾಲದು. ಹೊಟ್ಟೆಯಲ್ಲಿ ನೀರು ತುಂಬುವ ರೋಗಕ್ಕೆ ಅದೂ ಒಂದು ಕಾರಣ.

ಒಬ್ಬೊಬ್ಬರೇ ಹತ್ತು ಚೀಲ ಕೇಳುವ ಬದಲು ಒಂದು ಊರಿನ ಏಳೆಂಟು ಮನೆಯವರು ಸೇರಿ ಒಂದು ಲಾರಿ ಕೇಳಿದರೆ ಗಿರಣಿಯವರ ಮಾತೇ ಬೇರೆಯಾಗುತ್ತದೆ. ಬೂದಿ ಶೇ. 2 ಮೀರಿದರೆ ಇಷ್ಟು ಕಡಿತ ಎಂದು ಚೀಟಿಯಲ್ಲೇ ಬರೆಸಿಕೊಳ್ಳಬಹುದು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದಲ್ಲಿ ನವೀಕರಿಸಬಹುದಾದ ಇಂಧನಗಳ ವಿಭಾಗವೇ ಇದೆ. ಮಾದರಿ ಪರೀಕ್ಷೆಯ ಬಗ್ಗೆ ಅಲ್ಲಿ ವಿಚಾರಿಸಬಹುದು. ಈ ಹಂಗಾಮಿಗೆ ಜಂಟಿಯಾಗಿ ತರಿಸಲು ಇಷ್ಟವಿರುವ ಸದಸ್ಯರು ಎಷ್ಟು ಮರಿ, ಎಷ್ಟು ದಿನ, ಯಾವ ಒಲೆ ಎಂಬ ವಿವರವನ್ನು ತಮ್ಮ ಊರಿನ ಪ್ರತಿನಿಧಿಗೆ ತಿಳಿಸಬೇಕಾಗಿ ಕೋರುತ್ತೇವೆ. ಹಿಂದಿನ ಬ್ಯಾಚಿನ ಬೂದಿಯ ತೂಕ ಬರೆದಿಟ್ಟವರಿದ್ದರೆ ಅದನ್ನೂ ಕಳುಹಿಸಿ.